ಹನ್ನೆರಡನೆಯ ಪತ್ರ

ಮಾರ್ಚ್ ೧೪, ಮಂಗಳವಾರ

ಗಣಿ ಕುಸಿದು ಸತ್ತವರು ಹನ್ನೆರಡು ಜನ. ದೇಶದ ಅಧ್ಯಕ್ಷರ ಸಹಿಗೆಂದು ನಾನು ಬರೆದಿಟ್ಟ ಸಂತಾಪ ಪತ್ರಗಳು ಹನ್ನೊಂದು. ಒಂದು ಹೆಸರು ಹೇಗೆ ಬಿಟ್ಟುಹೋಯಿತೋ, ಇನ್ನೂ ತಲೆಗೆ ಹೋಗುತ್ತಿಲ್ಲ.

ಹಿಂದಿನ ಅಧ್ಯಕ್ಷರಾಗಿದ್ದರೆ ಹಿಡಿಯುತ್ತಿದ್ದರು. ಕಚೇರಿಯಲ್ಲಿ ಅವರಿಗೆ ‘ಕೆಂಪು ಪೆನ್ನು’ ಎಂದೇ ಹೆಸರು. ಅಲ್ಪವಿರಾಮ ತಪ್ಪಿದರೂ ಬೈಗುಳ. “ಹದಿನಾರು ವರ್ಷ ಇಲ್ಲಿ ಏನ್ ಕಡಿದು ಕಟ್ಟೆ ಹಾಕಿದ್ರಿ?” ಎಂದು ಎಲ್ಲರೆದುರೇ ಕೇಳಿದ್ದರು. ಅವರ ಅವಧಿ ಮುಗಿದ ದಿನ ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ.

ಈಗಿನವರು ಓದುವುದೇ ಇಲ್ಲ. “ನೀವು ಬರೆದ್ಮೇಲೆ ಮುಗೀತಲ್ಲ” ಎಂದು ನಗುತ್ತಾ ಸಹಿ ಹಾಕುತ್ತಾರೆ.

ಪತ್ರ ಸಿಗದ ಆ ಒಬ್ಬ ತಾಯಿ ಇವತ್ತು ಬೆಳಿಗ್ಗೆ ಟೀವಿಯಲ್ಲಿ ಕೇಳಿದಳು: “ನನ್ ಮಗ ಲೆಕ್ಕಕ್ಕಿಲ್ವಾ?” ಅಧ್ಯಕ್ಷರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅಧ್ಯಕ್ಷರು ಬೈಯಲಿಲ್ಲ. “ಸಹಿ ನಂದು, ತಪ್ಪೂ ನಂದೇ” ಎಂದವರೇ ಆ ತಾಯಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಸುಮ್ಮನೆ ಕೇಳಿಸಿಕೊಂಡರು. ಕೆಂಪು ಪೆನ್ನು ಜನ್ಮದಲ್ಲಿ ಹೀಗೆ ಮಾಡುತ್ತಿರಲಿಲ್ಲ. ಮಾಡುವ ಪ್ರಮೇಯವೂ ಬರುತ್ತಿರಲಿಲ್ಲ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತು ಇದನ್ನೆಲ್ಲ ಹೇಳಿದಾಗ ಅಕ್ಕ ಕೇಳಿದಳು, “ಹಾಗಾದ್ರೆ ಇಬ್ಬರಲ್ಲಿ ಯಾರು ವಾಸಿ?”

“ಬೈಯದವರು” ಅಂದೆ. ಅಂದ ಕೂಡಲೇ ಆ ತಾಯಿಯ ಮುಖ ನೆನಪಾಗಿ ತಟ್ಟೆ ಸರಿಸಿ ಎದ್ದೆ.

ಹನ್ನೆರಡನೆಯ ಪತ್ರ ಈಗ ಮುಂದಿದೆ. ನಾಳೆ ಇದಕ್ಕೂ ಓದದೆಯೇ ಸಹಿ ಬೀಳುತ್ತದೆ. ಏಳು ಸಲ ಓದಿದೆ. ಎಂಟನೆಯ ಸಲಕ್ಕೆ ಡ್ರಾಯರಿನಿಂದ ಕೆಂಪು ಪೆನ್ನೊಂದನ್ನು ಹುಡುಕಿ ತೆಗೆದೆ. ಅವರ ಬೈಗುಳಕ್ಕೋ, ಇವರ ನಂಬಿಕೆಗೋ, ಯಾವುದಕ್ಕೆ ಇಷ್ಟು ಹೆದರುತ್ತಿದ್ದೇನೆ, ಗೊತ್ತಿಲ್ಲ.