ಗುಲಾಬಿ ಎಂದು ನಾನು ಹೇಳಿದ್ದು

ಕ್ಲಿಫ್ಟನ್, ನ್ಯೂಜೆರ್ಸಿ
ಭಾನುವಾರ, ೧೮ ಅಕ್ಟೋಬರ್ ೧೯೭೦

ಸುಂದರಿಗೆ,

ಆಶೀರ್ವಾದಗಳು ಎಂದು ಬರೆಯಹೋಗಿ ಹೊಡೆದುಹಾಕಿದೆ. ಕಾಗದ ಪೂರ್ತಿ ಓದಿದ ಮೇಲೆ ಅದು ಬೇಕೋ ಬೇಡವೋ ನೀನೇ ತೀರ್ಮಾನಿಸು. ಪುಟ್ಟ ಕಲಾಳ ಜ್ವರ ಬಿಟ್ಟಿತೆಂದು ತಿಳಿದು ಸಮಾಧಾನವಾಯಿತು. ನೀವಿಬ್ಬರೂ ಮೈಸೂರಿಗೆ ಹೊರಟುಹೋಗಿ ಹದಿನೆಂಟು ತಿಂಗಳಾದವು. ಕಿಟಕಿಯಾಚೆಯ ಮೇಪಲ್ ಮರ ಪೂರಾ ಕೆಂಪಾಗಿದೆ. ಬಾ, ನೋಡು ಎಂದು ಕರೆಯಲು ಮನೆಯಲ್ಲಿ ಯಾರೂ ಇಲ್ಲ.

ಮೊದಲು ಒಂದು ವೈನಿನ ವಿಷಯ ಹೇಳುತ್ತೇನೆ. ಮುಖ ಸಿಂಡರಿಸಬೇಡ. ಮೂಸಿ, ಬಾಯಿಗೆ ಹಾಕಿ ಉಗಿಯುವುದಷ್ಟೇ ನನ್ನ ಕೆಲಸ. ಸಾಬೂನಿಗೆ, ಮಿಠಾಯಿಗೆ ಪರಿಮಳ ಕಟ್ಟುವ ಈ ಲ್ಯಾಬಿನವರು ನನ್ನನ್ನು ಇಟ್ಟುಕೊಂಡಿರುವುದೇ ನನ್ನ ಮೂಗಿಗಾಗಿ ಎಂದು ನೀನು ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದೆ.

ವೈನಿನ ಹೆಸರು ಗೆವುರ್ಟ್ಸ್‌ಟ್ರಾಮಿನರ್. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ, ಬೆಟ್ಟಸಾಲಿಗೂ ರೈನ್ ನದಿಗೂ ನಡುವೆ ಇರುವ ಆಲ್ಸಾಸ್ ಎಂಬ ಸೀಮೆಯಲ್ಲಿ ಬೆಳೆಯುವ ದ್ರಾಕ್ಷಿಯದು. ಹಣ್ಣಿನ ಸಿಪ್ಪೆ ನಸುಗೆಂಪು, ವೈನು ಮಾತ್ರ ಬಿಳಿ, ಬಂಗಾರದ ನೀರಿನಂತೆ. ಮೂಗಿಗೆ ಹಿಡಿದರೆ ಗುಲಾಬಿ, ಲಿಚಿ ಹಣ್ಣು, ಹಿಂದೆಯೇ ಸ್ವಲ್ಪ ಶುಂಠಿ ಎನ್ನುತ್ತಾರೆ. ಮದುವೆಮನೆಯ ಪನ್ನೀರಿನಂತೆ ಇರಬೇಕು ಎಂದುಕೊಂಡೆ. ಇರಬೇಕು ಎಂದು ಏಕೆ ಬರೆದೆನೆಂದರೆ, ನನಗೆ ಗೊತ್ತಿಲ್ಲ. ನನಗೆ ವಾಸನೆ ಬರುವುದಿಲ್ಲ ಸುಂದರಿ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಎಲ್ಲರಿಗೂ ಹಾಂಗ್‌ಕಾಂಗ್ ಫ್ಲೂ ಬಂದಾಗ ನನಗೂ ಬಂತಲ್ಲ, ಜ್ವರ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಕೆಲಸ ಹೋದೀತು, ವೀಸಾ ಹೋದೀತು ಎಂದು ಯಾರಿಗೂ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಪರಿಮಳದ ಅಂಶಗಳನ್ನು ಅಳೆಯುವ ಯಂತ್ರ ಬರೆದುಕೊಡುವ ಗ್ರಾಫ್ ನೋಡಿ, ಪಕ್ಕದವರ ಮುಖ ನೋಡಿ, ಇದು ಮಲ್ಲಿಗೆ, ಇದು ಏಲಕ್ಕಿ ಎಂದು ಹೇಳಿಕೊಂಡು ಬಂದೆ. ಪಾರ್ಸಿಪನಿಯ ಕನ್ನಡದವರ ಕೂಟದಲ್ಲಿ ಭಾನುಮತಿಯವರು ಬಿಸಿಬೇಳೆಭಾತಿನ ಪಾತ್ರೆಯ ಮುಚ್ಚಳ ತೆಗೆದಾಗ ಎಲ್ಲರಿಗಿಂತ ಮೊದಲು ‘ಘಮಘಮ ಅಂತಿದೆ ಕಣ್ರೀ’ ಎನ್ನುವವನು ನಾನೇ. ತಿಂದರೆ ಬರೀ ಉಪ್ಪು, ಖಾರ.

ಹೋದ ವಾರ ಆ ವೈನು ಮಾಡುವ ಆನ್ರಿ ಕೋಲ್ಬ್ ಎಂಬ ಮುದುಕರು ಲ್ಯಾಬಿಗೆ ಬಂದಿದ್ದರು. ಅದರ ಪರಿಮಳವನ್ನು ನಾವು ಕೃತಕವಾಗಿ ಕಟ್ಟಬಹುದೇ ಎಂದು ನೋಡುವುದಿತ್ತು. ಕೋಣೆಯಲ್ಲಿ ನಾವಿಬ್ಬರೇ. ಒಂದು ಬಾಟಲಿ ತೆರೆದು ಇಬ್ಬರಿಗೂ ಸುರಿದರು. ನಾನು ಮೂಸಿ, ಕಣ್ಣು ಮುಚ್ಚಿ, ‘ಗುಲಾಬಿ. ಬಹಳ ಚೆನ್ನಾಗಿದೆ’ ಎಂದೆ. ಅವರು ತಮ್ಮ ಗ್ಲಾಸು ಮೂಸಿ ನನ್ನನ್ನೇ ನೋಡಿದರು. ಬಿರಡೆ ಕೆಟ್ಟು ಆ ಬಾಟಲಿ ಪೂರಾ ಮುಗ್ಗಲು ಹಿಡಿದಿತ್ತೆಂದು ನನಗೆ ಆಮೇಲೆ ತಿಳಿಯಿತು. ಅದನ್ನು ಸಿಂಕಿಗೆ ಸುರಿದು ಬೇರೊಂದು ತೆರೆದರು.

ಸಂಜೆ ಅವರನ್ನು ನ್ಯೂಯಾರ್ಕಿನ ಹೋಟೆಲಿಗೆ ಕಾರಿನಲ್ಲಿ ಬಿಡಲು ಹೋದೆ. ವಾಸನೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಹೇಳಿಬಿಟ್ಟೆ. ಅವರು ತಮ್ಮ ಊರಿನ ಮಾತು ತೆಗೆದರು. ಯುದ್ಧದಲ್ಲಿ ಜರ್ಮನರು ಅವರ ಸೀಮೆಯನ್ನು ಹಿಡಿದಾಗ ಫ್ರೆಂಚ್ ಆಡುವಂತಿರಲಿಲ್ಲವಂತೆ. ಆನ್ರಿ ಎಂಬ ಹೆಸರು ಹೋಗಿ ಜರ್ಮನ್ ರೀತಿಯ ಹೈನ್ರಿಖ್ ಆಯಿತಂತೆ. ಹೆದರಿಕೆಗೆ ಬೀದಿಯಲ್ಲಿ ಜರ್ಮನರು ಹೇಳಿಸಿದ್ದನ್ನೆಲ್ಲ ಹೇಳಿದರಂತೆ. ‘ಬೀದಿಯಲ್ಲಿ ಹೇಳುವುದು ಬೇಗ ಅಭ್ಯಾಸವಾಯಿತು. ಮನೆಯಲ್ಲಿ ಹೆಂಡತಿಗೆ ಮಾತ್ರ ಒಂದು ದಿನವೂ ಸುಳ್ಳು ಹೇಳಲಿಲ್ಲ. ನೀನು?’ ಎಂದರು. ಅದಕ್ಕೆ ನನ್ನ ಉತ್ತರ ಇದು.

ಕಳೆದ ವರ್ಷ ಮಾರ್ಚಿನ ಆ ಶನಿವಾರ ನೀನು ಅನ್ನ ಮಾಡಿಟ್ಟು ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿದಿದ್ದೆ. ಕಲಾ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ನಾನು ಕಾಫಿಗೆ ಹಾಲಿಟ್ಟು ಪೇಪರ್ ಹಿಡಿದು ಕೂತೆ. ಹಾಲು ಉಕ್ಕಿ ಬೆಂಕಿ ಆರಿತು. ಗ್ಯಾಸ್ ಬರುತ್ತಲೇ ಇತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಗೊತ್ತೇ ಆಗಲಿಲ್ಲ. ನೀನು ಮೇಲೆ ಬಂದವಳು ಬಾಗಿಲಲ್ಲೇ ಕೂಗಿದೆ: ‘ರೀ, ಗ್ಯಾಸು! ನಿಮ್ಗೆ ವಾಸ್ನೆ ಬರ್ತಿಲ್ವೇನ್ರೀ?’ ನಾನು ಒಲೆಯ ಗುಬುಟು ತಿರುಗಿಸುವಷ್ಟರಲ್ಲಿ ನೀನು ಮಗುವನ್ನು ಎತ್ತಿಕೊಂಡು ಹಿಮದೊಳಗೆ ಓಡಿದ್ದೆ. ಅವಳು ಹೊರಗೆ ವಾಂತಿ ಮಾಡಿಕೊಳ್ಳುತ್ತಿದ್ದಾಗ ನಾನು ಮೇಲೆ ಹಾಲಿನ ಪಾತ್ರೆ ತೊಳೆದಿಟ್ಟೆ. ಒಲೆ ಒರೆಸಿದೆ. ನೀನು ಬಂದು ಕೇಳಿದೆ: ‘ಅನ್ನದ ಒಲೆ ನಾನು ಆಫ್ ಮಾಡಿದ್ನಲ್ವಾ?’

‘ಇಲ್ಲ, ನೀನೇ ಬಿಟ್ಟುಹೋಗಿದ್ದೆ’ ಎಂದೆ.

ನೀನು ಆಫ್ ಮಾಡಿದ್ದೆ, ಸುಂದರಿ.

ಆಮೇಲೆ ನೀನು ದಿನಕ್ಕೆ ಇಪ್ಪತ್ತು ಸಲ ಆ ಒಲೆ ಮುಟ್ಟಿ ನೋಡುವುದನ್ನು ನೋಡಿದೆ. ‘ನನ್ನ ಕೈಯಲ್ಲಿ ಮಗು ಉಳಿಯಲ್ಲ, ಅಮ್ಮನ ಹತ್ರ ಹೋಗ್ತೀನಿ’ ಎಂದು ನೀನು ಅತ್ತಾಗಲೂ ಬಾಯಿ ಬಿಡಲಿಲ್ಲ. ಟಿಕೆಟ್ ತಂದುಕೊಟ್ಟೆ.

ಶುಕ್ರವಾರ ಲ್ಯಾಬಿನಲ್ಲಿ ನಿಜ ಹೇಳಿದೆ. ಕ್ರಿಸ್‌ಮಸ್‌ವರೆಗೆ ಯಂತ್ರದ ವಿಭಾಗದಲ್ಲಿರು, ಆಮೇಲೆ ನೋಡೋಣ ಎಂದಿದ್ದಾರೆ. ಹಿಂತಿರುಗಿ ಬಾ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆ ದಿನ ಮಗುವನ್ನು ಉಳಿಸಿದವಳು ನೀನು. ಇಷ್ಟನ್ನು ನಿನಗೆ ತಿಳಿಸಬೇಕಿತ್ತು.

ಇಂತಿ,
ಕೇಶವಮೂರ್ತಿ

ವಿ. ಸೂ.: ಇದೊಂದು ಮರೆತಿದ್ದೆ ಎಂದರೆ ಅದೂ ಸುಳ್ಳೇ. ಧೈರ್ಯ ಸಾಲದೆ ಸಹಿ ಹಾಕಿಬಿಟ್ಟಿದ್ದೆ. ನೀನು ಇಲ್ಲಿಂದ ಹೊರಡುವ ಮುಂಚೆ ನಾನು ಮಾವನವರಿಗೆ ಒಂದು ಕಾಗದ ಬರೆದಿದ್ದೆ: ಸುಂದರಿಗೆ ಮೈಮರೆವು ಹೆಚ್ಚಾಗಿದೆ, ಮಗುವನ್ನು ಅವಳೊಬ್ಬಳ ಹತ್ತಿರ ಬಿಡಬೇಡಿ ಎಂದು. ಕಲಾ ಅಜ್ಜಿಯ ಪಕ್ಕದಲ್ಲೇ ಮಲಗಬೇಕೆಂದು ಅವರು ಏಕೆ ಹಟ ಹಿಡಿಯುತ್ತಾರೆಂದು ನೀನು ಎರಡು ಕಾಗದಗಳಲ್ಲಿ ಕೇಳಿದ್ದೆ. ಅದಕ್ಕೆ. ಅವರಿಗೂ ನಿಜ ಬರೆದು ನಿನ್ನೆಯೇ ಅಂಚೆಗೆ ಹಾಕಿದ್ದೇನೆ. ಅವರ ಕಾಗದ ತಡವಾದರೆ ಇದನ್ನೇ ಅವರ ಕೈಗೆ ಕೊಟ್ಟು ಓದಿಸು. ಮಗುವನ್ನು ನಿನ್ನ ಪಕ್ಕದಲ್ಲಿ ಮಲಗಿಸಿಕೊ.