ಸೌಂದರ್ಯಳ ಕಾರಿಗೆ ಕ್ಲಚ್ಚು

ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ
ನನ್ನಿವಾಳ, 13-7-2006

ಮೈದುನ ಎರ್ರಿಸ್ವಾಮಿಗೆ ಅತ್ತಿಗೆ ಬೋರಕ್ಕ ಬರೆಯುವುದು. ನಾವು ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸರ್ವೀಸ್ ಮಾಡಿಸ್ತೀನಿ ಅಂತ ಚಳ್ಳಕೆರೆಗೆ ಒಯ್ದ ಕಾರನ್ನು ಸೋಮವಾರ ಬಾಗಿಲಲ್ಲಿ ನಿಲ್ಲಿಸಿ, ಕಾಫಿಯನ್ನೂ ಕುಡಿಯದೆ ಹೋದೆ. ಯಾಕೆಂದು ನನ್ನ ಮಗಳು ಸೌಂದರ್ಯ ಒಳಗೆ ಕೂತಾಗ ಗೊತ್ತಾಯಿತು. ಗೇರ್‌ಬಾಕ್ಸನ್ನೇ ಬದಲಿಸಿ, ಎಡಗಾಲಲ್ಲಿ ತುಳಿಯುವ ಕ್ಲಚ್ ಹೊಸದಾಗಿ ಹಾಕಿಸಿದ್ದೀಯ. ಪೋಲಿಯೋದಲ್ಲಿ ಸೋತ ಆ ಎಡಗಾಲಿಗೆ ಕೆಲಸವೇ ಇರಬಾರದೆಂದು ಆಟೋಮ್ಯಾಟಿಕ್ ಕಾರು ಹುಡುಕಿ ತಂದದ್ದು ನಿನಗೆ ಮರೆತಿಲ್ಲ.

ಮೆಕ್ಯಾನಿಕ್ ಜಿಲಾನ್ ಬಾಷಾನನ್ನು ಕೇಳಿದೆ. "ಮೊಳಕಾಲ್ಮೂರಿನ ಅಳಿಯಂದಿರಿಗೆ ಕ್ಲಚ್ ಇಲ್ದಿದ್ರೆ ಓಡ್ಸಾಕೆ ಬರಲ್ವಂತೆ ಅಕ್ಕಾ. ಮದುವೆ ಆದ್ಮೇಲೆ ಗಾಡಿ ಅವರದೇ ಅಲ್ವಾ ಅಂದ್ರು ನಿಮ್ ಮೈದುನ" ಅಂದ. ನೀನು ಗೊತ್ತು ಮಾಡಿದ ಗಂಡು, ನೀನೇ ಅಳಿಯನನ್ನಾಗಿಯೂ ಮಾಡಿಕೊಂಡೆಯಾ? ಸೌಂದರ್ಯ ತನ್ನ ಸಂಬಳದಲ್ಲಿ ಕೊಂಡ ಕಾರು ಅದು. ಮೂರು ದಿನದಿಂದ ಪಾಠ ಮಾಡಲು ಹೋಗಲಾಗದೆ ಮನೆಯಲ್ಲಿ ಕೂತಿದ್ದಾಳೆ.

ಹಳೆಯ ಗೇರ್‌ಬಾಕ್ಸ್ ಗುಜರಿಗೆ ಹಾಕಬೇಡ ಎಂದು ಬಾಷಾನಿಗೆ ಹೇಳಿದ್ದೇನೆ. ಕಾರು ಬೀದಿಯಲ್ಲೇ ಇದೆ. ಹೊಸ್ತಿಲು ತುಳಿಯದೆ ಒಯ್ದು, ಮೊದಲಿದ್ದಂತೆ ಮಾಡಿಸು.

ಆಮೇಲೆ ನೀನು ಓಡಿಸಿಕೊಂಡು ಬರುವುದು ಬೇಡ. ಸೌಂದರ್ಯ ಓಡಿಸುತ್ತಾಳೆ, ನೀನು ಪಕ್ಕದಲ್ಲಿ ಕೂತು ಮೊಳಕಾಲ್ಮೂರಿಗೆ ಹೋಗು. ಗಂಡಿನ ಕಡೆಯವರು ನಿಶ್ಚಯಕ್ಕೆ ಕೊಟ್ಟ ತಾಂಬೂಲವನ್ನು ದೇವರ ಮುಂದಿನಿಂದ ತೆಗೆದು ಚೀಲದಲ್ಲಿಟ್ಟಿದ್ದೇನೆ. ಅವಳ ಎದುರಿಗೆ, ನಿನ್ನ ಕೈಯಿಂದಲೇ ವಾಪಸ್ ಕೊಡು.

ಬೋರಕ್ಕ