ಪೀಸ್ ಲಿಲ್ಲಿಯೂ ಶೇಂಗಾ ಹಿಂಡಿಯೂ

ಚಳ್ಳಕೆರೆ
೧೪ ಮಾರ್ಚ್ ೨೦೨೫

ಪ್ರೀತಿಯ ಸೊಸೆ ಗಂಗಾಂಬಿಕಾಳಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ. ಮೊದಲು ಆಶೀರ್ವಾದ ತೆಗೆದುಕೋ, ಬೈಗುಳ ಹಿಂದೆಯೇ ಬರುತ್ತಿದೆ.

ಮೊಳಕಾಲ್ಮೂರಿನಲ್ಲಿ ಎಲ್ಲರೂ ಆರೋಗ್ಯವೇ? ನಿನ್ನ ಸೊಂಟನೋವು ಕಡಿಮೆಯಾಯಿತೇ? ಕೂಸಿಗೆ ಹಲ್ಲು ಬಂತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ವಿಡಿಯೋ ಕಾಲ್ ಮಾಡಿದರೆ ಸಾಕು, "ಅತ್ತೆ, ಫೋನು ಗಿಡದ ಕಡೆ ತಿರುಗ್ಸ್ರಿ" ಎನ್ನುತ್ತೀಯ. ನನ್ನ ಮುಖ ಸರಿಯಾಗಿ ಕಾಣುವ ಮೊದಲೇ ಕರೆ ಮುಗಿದಿರುತ್ತದೆ. ಅದಕ್ಕೇ ಈ ಕಾಗದ.

ಬಾಣಂತನಕ್ಕೆಂದು ತವರಿಗೆ ಹೊರಟಾಗ ಆ ಕುಂಡವನ್ನು ನನ್ನ ಕೈಗಿಟ್ಟು "ಪೀಸ್ ಲಿಲ್ಲಿ" ಎಂದೆ. ಸೀರೆ ನೇಯುವ ಊರಿನ ಹುಡುಗಿ, ರವಿಕೆ ಪೀಸಿನ ಸುದ್ದಿ ಇರಬೇಕೆಂದುಕೊಂಡೆ. ಪೀಸ್ ಎಂದರೆ ಶಾಂತಿ ಎಂದು ನಿನ್ನ ಗಂಡ ಮಲ್ಲಿಕ್ ಬಿಡಿಸಿ ಹೇಳಿದ. ಶಾಂತಿಯಂತೆ! ಮನೆಯಲ್ಲಿ ಇದ್ದ ಶಾಂತಿಯೂ ಹೋಯಿತು. ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಒಳಗಿಟ್ಟು ನೀರು ಮರೆತರೆ ಮೂರ್ಛೆ ಹೋದವರಂತೆ ಎಲೆಗಳನ್ನೆಲ್ಲ ಚೆಲ್ಲಿ ಮಲಗಿಬಿಡುತ್ತದೆ. ಸತ್ತೇ ಹೋಯಿತೆಂದು ಎದೆ ಒಡೆದುಕೊಂಡು ನೀರು ಹಾಕಿದರೆ, ಸಂಜೆಗೆ ಏನೂ ಆಗೇ ಇಲ್ಲವೆನ್ನುವಂತೆ ಎದ್ದು ನಿಂತಿರುತ್ತದೆ. ಏನು ನಾಟಕ! ಬೋರ್ ನೀರು ಹಾಕಿದರೆ ಎಲೆಯ ತುದಿ ಕಂದುತ್ತದಂತೆ, ಫಿಲ್ಟರ್ ನೀರೇ ಆಗಬೇಕಂತೆ. ಅದೇ ಬೋರ್ ನೀರು ಕುಡಿದು ನಮ್ಮ ಹಲ್ಲುಗಳೆಲ್ಲ ಕಂದಿದವು, ಆಗ ನಮಗೆ ಯಾರು ಫಿಲ್ಟರ್ ತಂದಿಟ್ಟರು?

ನಿನ್ನ ಮಾವನವರದು ಇನ್ನೊಂದು. ಎಣ್ಣೆ ಮಿಲ್ಲಿನವರಿಗೆ ಲೋಕದ ರೋಗಕ್ಕೆಲ್ಲ ಶೇಂಗಾ ಹಿಂಡಿಯೇ ಮದ್ದು. "ಹಿಂಡಿ ತಿಂದು ಎಮ್ಮೆನೇ ಹಾಲು ಕೊಡ್ತೈತೆ, ಇದು ಹೂವು ಕೊಡಲ್ವೇನು?" ಎಂದು ನೆನೆಸಿದ ಹಿಂಡಿಯನ್ನು ಕುಂಡದ ತುಂಬ ಸುರಿದರು. ವಾರ ಕಳೆಯುವುದರಲ್ಲಿ ನಡುಮನೆಯೆಲ್ಲ ನಾತ, ನೊಣ. ಮೂಗಿಗೆ ಸೆರಗು ಕಟ್ಟಿಕೊಂಡು ಬೇರು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಮಣ್ಣಿಗೆ ನೆಟ್ಟವಳು ನಾನು. ನಿನ್ನೆ ಒಂದು ಬಿಳಿ ಹೂವು ಬಿಟ್ಟಿದೆ. ಎಲ್ಲ ಹಿಂಡಿಯ ಮಹಿಮೆ ಎಂದು ಅವರು ಬೀದಿಗೆಲ್ಲ ಸಾರಿ ಬಂದರು. ಸಿಟ್ಟಿಗೆ ಸಂಜೆಯ ಕಾಫಿ ಕೊಡಲಿಲ್ಲ.

"ಐದ್ನೇ ತಿಂಗ್ಳಿಗೆ ಬರ್ತೀನಿ" ಎಂದು ಹೋದವಳು ನೀನು. ಈಗ ಕೂಸಿಗೆ ಎಂಟು ತುಂಬುತ್ತಾ ಬಂತು. ಕೇಳಿದರೆ ಚಳ್ಳಕೆರೆಯಲ್ಲಿ ಬಿಸಿಲು ಎನ್ನುತ್ತೀಯ. ಮೊಳಕಾಲ್ಮೂರಿನಲ್ಲೇನು ಮಂಜು ಬೀಳುತ್ತದೆಯೇ? ಇನ್ನೂ ತಡವಾದರೆ ಕೂಸು ನನ್ನನ್ನು ಕಂಡು ಯಾರೋ ಎಂದು ಅಳುತ್ತದೆ, ಅದೇ ನನಗೆ ಭಯ.

ನಿನ್ನ ಅಪ್ಪ ಅಮ್ಮನಿಗೆ ನಮ್ಮ ಶರಣು ತಿಳಿಸು. ಕಾಗದ ತಂದ ನಮ್ಮ ಮಿಲ್ಲಿನ ಕ್ಯಾತಣ್ಣನಿಗೆ ಊಟ ಹಾಕಿ ಕಳಿಸು. ಕೂಸಿಗೆ ಮುತ್ತು.

ನಿನ್ನ ಅತ್ತೆ,
ಅನ್ನಪೂರ್ಣಮ್ಮ

ಮರೆತಿದ್ದೆ. ಆ ಎಲೆ ಕಚ್ಚಿದರೆ ಮಕ್ಕಳಿಗೆ ಬಾಯಿ ಉರಿಯುತ್ತದೆಂದು ಮಲ್ಲಿಕ್ ಹೇಳಿದ. ಕೂಸು ಅಂಬೆಗಾಲಿಡುತ್ತಿದೆಯಲ್ಲ, ಅದಕ್ಕೆ ಮಾವನವರ ಸನ್ಮಾನದ ಫೋಟೋ ಇಳಿಸಿ, ಕುಂಡವನ್ನು ಬೀರುವಿನ ಮೇಲೆ ಇಡಿಸಿದ್ದೇನೆ. ಕೂಸಿನ ಕೈಗೆ ಎಟುಕುವುದಿಲ್ಲ. ನನ್ನ ಕೈಗೂ ಎಟುಕುವುದಿಲ್ಲ. ಮಲ್ಲಿಕ್‌ಗೆ ಮುಟ್ಟಕೂಡದೆಂದು ತಾಕೀತು ಮಾಡಿದ್ದೇನೆ. ಎಲೆ ಬಾಗಲು ಶುರುವಾಗಿದೆ, ಬಂದು ನೀರು ಹಾಕು.